ಅಪ್ಪಯ್ಯನ ಬಕ್ಕಲ್ಲಿನ ದೋಣಿ

೨೯ ಸೆಪ್ಟೆಂಬರ್ ೧೯೬೮

ಬೆಳಗಿನ ಜಾವ ಕೆಟ್ಟ ಕನಸು. ಅಪ್ಪಯ್ಯ ಕೋಡಿಯ ದಡದಲ್ಲಿ ನಿಂತಿದ್ದಾರೆ. ನಾನು ಚಿಕ್ಕವನು, ನನ್ನ ಕಣ್ಣು ಅವರ ಸೊಂಟದ ಎತ್ತರಕ್ಕೆ. ಬೆಲ್ಟು ಇದೆ, ಬಕ್ಕಲ್ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ತೂತು, ಆ ತೂತಿನಲ್ಲಿ ಆಚೆಯ ಸಮುದ್ರ ಕಾಣುತ್ತದೆ. ಯಾರು ತೆಗೆದರು ಅಪ್ಪಯ್ಯ ಎಂದು ಕೇಳಿದೆ. ಅವರು ನನ್ನ ಬೆನ್ನ ಹಿಂದೆ ನೋಡಿದರು. ನಾನು ತಿರುಗುವಷ್ಟರಲ್ಲಿ ಎಚ್ಚರವಾಯಿತು.

ಎದ್ದು ಟ್ರಂಕಿನ ಬೀಗ ಎಳೆದು ನೋಡಿದೆ, ಸರಿ ಇತ್ತು. ಮಲಗಿದ ಮೇಲೆ ಸರಿಯಾಗಿ ಎಳೆದೆನೋ ಇಲ್ಲವೋ ಎಂದು ಮತ್ತೆ ಎದ್ದೆ. ವನಜ ಎಚ್ಚರಾಗಿ ಎಂತಾಯ್ತು ಎಂದು ಕೇಳಿದಳು. ನೀರು ಕುಡಿಯಲಿಕ್ಕೆ ಅಂದೆ. ಬಸುರಿ ಹೆಂಗಸಿಗೆ ಇಂಥ ಕನಸು ಹೇಳಬಾರದು.

ಈ ಕನಸಿಗೆ ಕಾರಣ ಭೋಜರಾಜ ಭಾವ. ವನಜಳ ಅಣ್ಣ. ಬೊಂಬಾಯಿಯಲ್ಲಿ ಪಾಲುದಾರಿಕೆಯಲ್ಲಿ ಹೋಟೆಲು. ಬೈಂದೂರಿನ ಹತ್ತಿರ ಯಡ್ತರೆಯ ತಮ್ಮ ಮನೆಗೆ ಹೊಸ ಹೆಂಚು ಹೊದೆಸಲು ಬಂದವರು ನಿನ್ನೆ ನಮ್ಮಲ್ಲಿಗೂ ಬಂದಿದ್ದರು. ಮಾತಿಗೆ ಮಾತು ಬಂದು ನಾನೇ ಟ್ರಂಕು ತೆಗೆದು, ಅವರಿವರಿಂದ ಕೂಡಿಸಿಟ್ಟ ಹಳೆ ಮಿಲಿಟರಿ ಬಕ್ಕಲ್‌ಗಳನ್ನು ತೋರಿಸಿದೆ. ತೋರಿಸಬಾರದಿತ್ತು. ಅಪ್ಪಯ್ಯನದನ್ನು ಕೈಯಲ್ಲಿ ತೂಗಿ ನೋಡಿ, "ಭಾವ, ಚೋರ್ ಬಜಾರಲ್ಲಿ ಇಂಥದ್ದನ್ನ್ ಹುಡ್ಕ್ತಾ ಬಪ್ಪ ಫಾರಿನ್ ಜನ ಇದ್ರ್. ಕಪ್ಪಾದಷ್ಟೂ ರೇಟ್ ಜಾಸ್ತಿ" ಅಂದರು. ಅಂದ ಮೇಲೆ ಸುಮ್ಮನಾದರು. ಆ ಸುಮ್ಮನಾದದ್ದು ನನಗೆ ಸರಿ ಬರಲಿಲ್ಲ.

೩೦ ಸೆಪ್ಟೆಂಬರ್

ನಾಳೆ ಏನಾದರೂ ಆಗಿ ಪೋಲೀಸರು ಗುರುತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ನಾಲ್ಕನೇ ಕ್ಲಾಸು ಓದಿದವನ ಮಾತು ಯಾರು ಕೇಳುತ್ತಾರೆ? ಆದ್ದರಿಂದ ಬರೆದಿಡುತ್ತೇನೆ.

ಅಪ್ಪಯ್ಯನ ಹೆಸರು ಬಚ್ಚ. ಯುದ್ಧದ ಕಾಲದಲ್ಲಿ ಮಿಲಿಟರಿಯ ದೋಣಿ ನಡೆಸಲು ಬಸ್ರಾಕ್ಕೆ ಹೋಗಿದ್ದರು. ಅಲ್ಲಿಯ ಪೇಟೆಯಲ್ಲಿ ಕೂತು ಕೆತ್ತುವವರು ಸಿಪಾಯಿಗಳಿಗೆ ಹಿತ್ತಾಳೆಯ ಬಕ್ಕಲ್ ಮಾಡಿ, ಹೆಸರು, ಊರು, ವರ್ಷ ಕೆತ್ತಿ ಕೊಡುತ್ತಿದ್ದರಂತೆ. ಅಪ್ಪಯ್ಯನದರ ಮುಂಬದಿ ಖರ್ಜೂರದ ಮರ, ಕೆಳಗೆ ಇಂಗ್ಲಿಷಿನಲ್ಲಿ ಅವರ ಹೆಸರು, ಬಸ್ರಾ, ೧೯೪೩. ಇಂಥದ್ದು ಇನ್ನೊಬ್ಬನ ಹತ್ತಿರವೂ ಇರಬಹುದು. ಹಿಂಬದಿಯದ್ದು ಯಾರ ಹತ್ತಿರವೂ ಇರಲಾರದು. ಅಲ್ಲಿ ಅಪ್ಪಯ್ಯನೇ ಮೊಳೆಯಿಂದ ಒಂದು ಸಣ್ಣ ದೋಣಿ ಗೀರಿದ್ದಾರೆ. ನಮ್ಮ ಕೋಡಿಯ ದೋಣಿ, ಮೇಲೆ ಪಟ. ಗೀರಿನಲ್ಲಿ ಕಪ್ಪು ಕೂತಿರುವುದರಿಂದ ಚೆನ್ನಾಗಿ ಕಾಣುತ್ತದೆ. ತಲೆ ಕೆಟ್ಟಾಗ ನಾನು ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂರುತ್ತೇನೆ. ಇದು ಯಾರಿಗೂ ಗೊತ್ತಿಲ್ಲ, ವನಜಳಿಗೂ.

ಯುದ್ಧ ಮುಗಿದು ಬಂದವರು ಒಂದೆರಡು ಮಳೆಗಾಲವಷ್ಟೇ ಇದ್ದರು. ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಬಕ್ಕಲ್ ನೆನಪಿದೆ. ಅವರು ತೀರಿಹೋದ ಮೇಲೆ ನನ್ನ ಶಾಲೆಯೂ ಹೋಯಿತು.

೮ ಅಕ್ಟೋಬರ್

ಇವತ್ತು ಒಂದು ಒಳ್ಳೆಯ ಕೆಲಸ ಆಯಿತು. ಬ್ರಹ್ಮಾವರದಲ್ಲಿ ನಮ್ಮ ಬಸ್ಸಿಗೆ ದಿನಾ ಹತ್ತುವ ಒಬ್ಬ ಮುದುಕರು, ಹಿಂದೆ ಮಿಲಿಟರಿಯಲ್ಲಿದ್ದವರು, ನಾನು ದಿನಾ ಕೇಳಿದ್ದಕ್ಕೆ ಸಾಕಾಗಿ ತಮ್ಮ ಬಕ್ಕಲ್ ತಂದು ಕೊಟ್ಟರು. ಒಂಟೆ, ಹಿಂದೆ ಪಿರಮಿಡ್ಡು. ಇನ್ನು ಹೊಟ್ಟೆಗೆ ಬೆಲ್ಟು ಮುಟ್ಟುವುದಿಲ್ಲ, ನೀನೇ ಇಟ್ಟುಕೋ ಅಂದರು. ಡ್ರೈವರ್ ಅಣ್ಣಯ್ಯ ಶೆಟ್ಟರು ಹಿಂದೆ ತಿರುಗಿ, ಈ ಕಂಡಕ್ಟರ್ ಜನರ ಚಿಲ್ಲರೆ ಉಳಿಸಿಕೊಳ್ಳುವುದು ಸಾಲದು ಎಂದು ಈಗ ಸೊಂಟಕ್ಕೂ ಕೈ ಹಾಕುತ್ತಾನೆ ಎಂದು ಇಡೀ ಬಸ್ಸು ನಗಿಸಿದರು.

ಮನೆಗೆ ತಂದು ವನಜಳಿಗೆ ತೋರಿಸಿದೆ. ಇದು ಬಾವಿಗೆ ಬಿದ್ದಿತ್ತಾ ಎಂದು ಕೇಳಿದಳು. ಕಪ್ಪೇ ಇದರ ವಯಸ್ಸು ಎಂದು ಅವಳಿಗೆ ಏನು ಗೊತ್ತು? ಹೇಳಿದರೆ ಅಣ್ಣನಿಗೆ ಹೇಳುತ್ತಾಳೆ. ಹೇಳಲಿಲ್ಲ. ಈ ಹೊಸದನ್ನು ಟ್ರಂಕಿಗೆ ಹಾಕದೆ ಟಿಕೆಟಿನ ಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಎಲ್ಲವೂ ಒಂದೇ ಜಾಗದಲ್ಲಿ ಇರಬಾರದು.

೧೭ ಅಕ್ಟೋಬರ್

ಹುಣಸೆಹುಳಿ ಮುಗಿಯಿತು ಎಂದಳು. ಮೊನ್ನೆಯಷ್ಟೇ ತಂದದ್ದು. ಇಬ್ಬರೇ ಇರುವ ಮನೆಯಲ್ಲಿ ಅಷ್ಟು ಹುಳಿ ಯಾರು ತಿನ್ನುತ್ತಾರೆ? ಬಸುರಿಯ ಬಾಯಿಚಪಲ ಇರಬಹುದು ಎಂದು ಸುಮ್ಮನಾದೆ. ಆಮೇಲೆ ಅವಳ ಬೆರಳು ನೋಡಿದೆ. ತುದಿ ಬಿರುಕು ಬಿಟ್ಟು ಉಗುರಿನ ಸಂದಿಯಲ್ಲಿ ಕಪ್ಪು. ಎಂತ ಇದು ಎಂದರೆ ಕೈ ಸೆರಗಿನೊಳಗೆ ಎಳೆದುಕೊಂಡಳು, ನಕ್ಕಳು.

ನಾನು ಬಸ್ಸಿನಲ್ಲಿದ್ದಾಗ ಭೋಜರಾಜ ಭಾವ ಬಂದು ಮಧ್ಯಾಹ್ನದ ಊಟ ಮಾಡಿ ಹೋದರಂತೆ. ಅಷ್ಟು ಹೊತ್ತು ಕೂತು ಎಂತ ಮಾತಾಡಿದರು ಎಂದು ಕೇಳಿದೆ. ಹೆಂಚಿನ ಮಾತು ಅಂದಳು. ಟ್ರಂಕಿನ ಕೀ ದೇವರ ಪಟದ ಹಿಂದೆಯೇ ಇದೆ. ಆದರೆ ನಾನು ಇಟ್ಟಾಗ ಹಲ್ಲು ಗೋಡೆಯ ಕಡೆಗಿತ್ತು, ಈಗ ಈಚೆಗಿದೆ.

ಟ್ರಂಕು ತೆಗೆಯಲು ಧೈರ್ಯ ಬರಲಿಲ್ಲ. ಇಲ್ಲದಿದ್ದರೆ?

೨೦ ಅಕ್ಟೋಬರ್

ದೀಪಾವಳಿಯ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆ ಕೆಂಪಗೆ ಹೊಳೆಯುತ್ತಿತ್ತು, ಅದರ ಕುತ್ತಿಗೆಗೆ ಬಳ್ಳಿ ಸುತ್ತಿದ್ದಳು. ಕಾಲುದೀಪ, ಚೆಂಬು, ಹರಿವಾಣ ಎಲ್ಲ ಹಳದಿ ಹಳದಿ. ಈ ಸ್ಥಿತಿಯಲ್ಲಿ ಇಷ್ಟೆಲ್ಲ ಯಾಕೆ ಎಂದು ಗದರಿದೆ.

ಹಂಡೆಗೆ ನೀರು ತುಂಬುತ್ತ ತುಂಬುತ್ತ, "ಟ್ರಂಕ್ ತೆಗ್ದ್ ಕಂಡ್ರ್ಯಾ?" ಎಂದು ಕೇಳಿದಳು.

ಯಾಕೆ ಎಂದೆ. ಸ್ವಲ್ಪ ಜೋರಾಗಿಯೇ ಬಂತು ಆ ಮಾತು. "ಎಂತ ಇಲ್ಲೆ" ಎಂದು ತಲೆ ತಗ್ಗಿಸಿದಳು. ಏನೂ ಇಲ್ಲದಿದ್ದರೆ ಯಾಕೆ ಕೇಳಬೇಕು?

೨೧ ಅಕ್ಟೋಬರ್

ಹೋಯಿತು. ಎಲ್ಲ ಹೋಯಿತು.

ಅವಳು ಹಂಡೆಯ ಹತ್ತಿರ ಇದ್ದಾಗ ಟ್ರಂಕು ತೆಗೆದೆ. ಅಬ್ಬೆಯ ಹಳೆ ಸೀರೆಯಲ್ಲಿ ಕಟ್ಟಿದ್ದ ಗಂಟು ಹಾಗೇ ಇದೆ. ಬಿಚ್ಚಿದರೆ ಒಳಗೆ ನನ್ನ ಬಕ್ಕಲ್‌ಗಳು ಅಲ್ಲ. ಮರ ಅದೇ, ಅಕ್ಷರ ಅವೇ, ಇನ್ನೊಂದರ ಮೇಲಿನ ಡ್ರ್ಯಾಗನ್ ಅದೇ. ಆದರೆ ಎಲ್ಲ ಹೊಚ್ಚ ಹೊಸತು, ನಿನ್ನೆ ಅಂಗಡಿಯಿಂದ ತಂದ ಹಾಗೆ. ಅಪ್ಪಯ್ಯನದನ್ನು ತಿರುಗಿಸಿ ನೋಡಿದೆ. ಹಿಂಬದಿ ನುಣ್ಣಗೆ. ದೋಣಿ ಇಲ್ಲ.

ನಕಲು ಮಾಡಿದವನು ಮುಂಬದಿ ನೋಡಿ ಮಾಡಿದ್ದಾನೆ. ಹಿಂಬದಿ ಅವನಿಗೆ ಗೊತ್ತಿರಲಿಲ್ಲ. ಅದರಲ್ಲೇ ಸಿಕ್ಕಿಬಿದ್ದ.

ವನಜಳ ಮುಂದೆ ಉಸಿರು ಬಿಡಲಿಲ್ಲ. ಮೊದಲು ಮಾಡಿದವನು ಸಿಗಲಿ.

೨೫ ಅಕ್ಟೋಬರ್

ರಜೆ ಹಾಕಿ ಬ್ರಹ್ಮಾವರಕ್ಕೆ ಹೋದೆ. ಅಲ್ಲಿ ಹಿತ್ತಾಳೆ ಕೆಲಸದ ಗುಡ್ಡ ಆಚಾರಿ ಇದ್ದಾರೆ. ಗಿರಾಕಿಯ ಹಾಗೆ ಕೂತು, ಟ್ರಂಕಿನಲ್ಲಿ ಸಿಕ್ಕಿದ ಹೊಸ ಬಕ್ಕಲ್ ತೋರಿಸಿ, ಇಂಥದ್ದು ಮಾಡಲಿಕ್ಕೆ ಆಗುತ್ತದೆಯೇ ಎಂದು ಕೇಳಿದೆ. ಅವರ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮಿಟುಕಿಸಿದರೂ ಗೊತ್ತಾಗಬೇಕು.

"ಮಾಡ್ಲಕ್ಕ್," ಅಂದರು. "ನಿಮ್ಗೆ ಹೊಸ್ತ್ ಬೇಕಾ, ಹಳ್ತ್ ಬೇಕಾ?"

ಹೊಸದಾಗಿ ಮಾಡಿದ್ದು ಹಳತು ಹೇಗಾಗುತ್ತದೆ ಎಂದೆ.

"ಗೊಬ್ಬರದ ಗುಂಡಿಲಿ ಹುಗ್ದಿಡಿ. ಒಂದ್ ಮಳಿಗಾಲ ಕಳೂದ್ರೊಳ್ಗೆ ನಿಮ್ ಅಜ್ಜನ ಕಾಲದ್ ಆತ್ತ್."

ಅದನ್ನು ಹೇಳಿ ನಗುತ್ತಿದ್ದರು. ಕಳ್ಳತನದ ವಿದ್ಯೆಯನ್ನು ಇಷ್ಟು ಸಲೀಸಾಗಿ ಹೇಳುವವನು ಏನನ್ನೂ ಮಾಡಿಯಾನು. ಹಳೆಯದು ಹೊಸದಾಗುತ್ತದೆಯೇ ಎಂದು ನಾನು ಕೇಳಲಿಲ್ಲ. ಅದನ್ನು ಯಾರು ಕೇಳುತ್ತಾರೆ? ಬೊಂಬಾಯಿಯವರು ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಬೊಂಬಾಯಿಯವರು ಬರದ ದಿನ ಯಾವುದುಂಟು ಅಂದರು. ಸಾಕು ನನಗೆ.

೩ ನವೆಂಬರ್

ಬಂದರು. ಹೂವು, ಹೊಸ ಸೀರೆ, ಚಕ್ಕುಲಿಯ ಡಬ್ಬಿ ಹಿಡಿದು ತಂಗಿಯನ್ನು ಹೆರಿಗೆಗೆ ತವರಿಗೆ ಕರೆದೊಯ್ಯಲು ಬಂದರು. ಮೊದಲ ಹೆರಿಗೆ, ಕಳಿಸುವುದು ಪದ್ಧತಿ. ವನಜ ಆಗಲೇ ಗಂಟು ಕಟ್ಟಿ ಇಟ್ಟಿದ್ದಳು.

ನಾನು ಕಳಿಸುವುದಿಲ್ಲ ಅಂದೆ. ಕುಂದಾಪುರದಲ್ಲಿ ಆಸ್ಪತ್ರೆ ಇದೆ, ಯಡ್ತರೆಯಲ್ಲಿ ಏನಿದೆ ಎಂದೆ. ಒಳಗಿನ ಮಾತು ಒಳಗೇ ಇಟ್ಟುಕೊಂಡೆ. ನನ್ನ ಅಪ್ಪಯ್ಯನನ್ನು ಚೋರ್ ಬಜಾರಿನಲ್ಲಿ ಮಾರಿದವನ ಮನೆಯಲ್ಲಿ ನನ್ನ ಮಗು ಹುಟ್ಟಬೇಕೇ?

ಭೋಜರಾಜ ಭಾವ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಮುಖ ಸಣ್ಣದಾಯಿತು. "ಭಾವ, ನಾನ್ ಎಂತದಾರೂ ತಪ್ಪ್ ಮಾತಾಡಿದ್ರೆ ಹೇಳಿ. ಅಬ್ಬಿಗೆ ನಾನ್ ಎಂತ ಹೇಳ್ಲಿ?" ಅಂದರು. ನಟನೆ ಚೆನ್ನಾಗಿತ್ತು. ಡಬ್ಬಿಯನ್ನು ಜಗಲಿಯ ಮೇಲೆ ಇಟ್ಟು ಹೋದರು. ಅದನ್ನು ನಾನು ಮುಟ್ಟಿಲ್ಲ.

೬ ನವೆಂಬರ್

ವನಜ ಅನ್ನ ಬಡಿಸುತ್ತಾಳೆ, ಗೋಡೆ ನೋಡುತ್ತಾಳೆ. ಕಾಲು ಊದಿಕೊಂಡಿದೆ.

೯ ನವೆಂಬರ್

"ನಾನ್ ಎಂತ ತಪ್ಪ್ ಮಾಡ್ದೆ ಅಂದ್ ಒಂದ್ ಸಲ ಹೇಳಿ," ಅಂದಳು. ಅಷ್ಟೇ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ತಲ್ಲೂರು ಬಂದರೂ ಆ ಮಾತು ಕಿವಿಯಲ್ಲೇ ಇತ್ತು. ಒಬ್ಬರಿಗೆ ಎರಡು ಟಿಕೆಟ್ ಹರಿದು ಕೊಟ್ಟೆ.

೧೪ ನವೆಂಬರ್

ಇವತ್ತಿನ ಮರ್ಯಾದೆ ಬರೆಯಲಿಕ್ಕೂ ನಾಚಿಕೆ.

ಬೈಂದೂರಿನಲ್ಲಿ ಬಸ್ಸು ಹೊರಡುವಾಗ ಅತ್ತೆ ಹತ್ತಿದರು. ವನಜಳ ಅಬ್ಬೆ, ಸರಸಕ್ಕ ಅಂದರೆ ಆ ಕಡೆಯ ಮೀನುಪೇಟೆಗೆಲ್ಲ ಗೊತ್ತು. ಎದುರಿನ ಸೀಟಿನಲ್ಲಿ ಕೂತರು. ನಾನು ಟಿಕೆಟ್ ಕೇಳದೆ ಮುಂದೆ ಹೋದೆ. ಅವರು ಬಿಡಲಿಲ್ಲ.

"ಹ್ವಾಯ್ ಕಂಡಕ್ಟ್ರೇ, ಕುಂದಾಪ್ರಕ್ ಟಿಕೆಟ್ ಕೊಡಿ."

ಅತ್ತೆ, ನಿಮಗೆಂತ ಟಿಕೆಟ್ ಎಂದು ಮೆಲ್ಲಗೆ ಹೇಳಿದೆ.

"ಅತ್ತೆ ಅಂಬುದ್ ನೆನಪಿತ್ತಾ? ನಾನ್ ಕಂಡಕ್ಟ್ರ್ ಹತ್ರ ಮಾತಾಡ್ತಿದ್ದೆ. ಹೋಪತಿಗೆ ಒಬ್ಳ್, ಬಪ್ಪತಿಗೆ ಇಬ್ರ್. ಈಗ್ಲೇ ಕೊಟ್ಟ್‌ಬಿಡಿ."

ಬುಟ್ಟಿ ಹಿಡಿದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಅಣ್ಣಯ್ಯ ಶೆಟ್ಟರು ಮುಂದಿನಿಂದಲೇ, "ಕೊಡ್ ಮಾರಾಯ, ಇಲ್ದಿರೆ ನಾನ್ ಗಾಡಿ ಬಿಡುದಿಲ್ಲ," ಅಂದರು. ಕೊಟ್ಟೆ.

ಸಂಜೆಯ ಟ್ರಿಪ್ಪಿನಲ್ಲಿ ತಾಯಿ ಮಗಳು ಇಬ್ಬರೂ ಅದೇ ಬಸ್ಸಿನಲ್ಲಿ ಹೋದರು. ವನಜಳಿಗೆ ಕಿಟಕಿಯ ಕಡೆ ಜಾಗ ಮಾಡಿಕೊಟ್ಟೆ. ಗುಂಡಿ ಬಂದಲ್ಲೆಲ್ಲ ಅಣ್ಣಯ್ಯ ಶೆಟ್ಟರು ಎತ್ತಿನ ಗಾಡಿಯ ಹಾಗೆ ಹೊಡೆದರು, ನಾನು ಹೇಳಬೇಕಾಗಿ ಬರಲಿಲ್ಲ. ಇಳಿಯುವಾಗ ಅವಳು ಒಂದೇ ಒಂದು ಸಲ ತಿರುಗಿ ನೋಡಿದಳು. ಅತ್ತೆ ನೋಡಲಿಲ್ಲ.

೧೮ ನವೆಂಬರ್

ಗಂಜಿ ಸೀದುಹೋಯಿತು. ಮನೆಯಲ್ಲಿ ಯಾರೋ ನಡೆದ ಹಾಗೆ ಆಗುತ್ತದೆ. ಯಾರೂ ಇಲ್ಲ. ಟ್ರಂಕಿನ ಕಡೆ ನೋಡಲಿಲ್ಲ, ಅದರಲ್ಲಿ ಇರುವುದು ನನ್ನದಲ್ಲವಲ್ಲ. ಅವಳಿಗೆ ಸೊಂಟನೋವು ಇತ್ತು. ಅಲ್ಲಿ ಎಣ್ಣೆ ತಿಕ್ಕುತ್ತಾರೋ ಇಲ್ಲವೋ.

೨೨ ನವೆಂಬರ್

ಇದನ್ನು ನಿಧಾನವಾಗಿ ಬರೆಯಬೇಕು.

ಕುಡಿಯುವ ಚೆಂಬು ಕಪ್ಪಗಾಗಿ ವಾಸನೆ ಬರುತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಒಂದು ಪಾತ್ರೆ ತೊಳೆದವನಲ್ಲ. ಮೊದಲು ಅಬ್ಬೆ, ಆಮೇಲೆ ಇವಳು. ಬಾವಿಕಟ್ಟೆಯ ಹತ್ತಿರ ಕೂತು ಬೂದಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಅಲ್ಲೇ ಗೋಡೆಯ ಮೇಲೆ ಒಂದು ತೆಂಗಿನ ಗೆರಟೆಯಲ್ಲಿ ಅವಳು ಬಿಟ್ಟುಹೋದ ಹುಣಸೆಹುಳಿಯ ಚರಟ ಒಣಗಿ ಕೂತಿತ್ತು. ನೀರು ಹಾಕಿ ಅದನ್ನೂ ಸೇರಿಸಿ ತಿಕ್ಕಿದೆ. ಕೈಯಡಿಯಲ್ಲಿ ಚೆಂಬು ಹಳದಿಯಾಗುತ್ತ ಬಂತು, ಯಾರೋ ಚೆಂಬನ್ನೇ ಬದಲಾಯಿಸಿದ ಹಾಗೆ. ತೊಳೆದು ಎತ್ತಿ ಹಿಡಿದರೆ ಅಂಗಡಿಯಲ್ಲಿ ಇಟ್ಟದ್ದೇ ಸೈ.

ಹಾಗೇ ಕೂತುಬಿಟ್ಟೆ. ಕೈ ನೋಡಿಕೊಂಡೆ. ಬೆರಳ ತುದಿ ಬಿರುಕು, ಉಗುರಿನ ಸಂದಿಯಲ್ಲಿ ಕಪ್ಪು.

ಓಡಿಹೋಗಿ ಟಿಕೆಟ್ ಚೀಲದಿಂದ ಒಂಟೆಯ ಬಕ್ಕಲ್ ತಂದೆ. ಒಂದು ಮೂಲೆ ಮಾತ್ರ ತಿಕ್ಕಿದೆ. ಆ ಮೂಲೆ ಹೊಳೆಯಿತು, ಟ್ರಂಕಿನಲ್ಲಿದ್ದ ಎಲ್ಲದರ ಹಾಗೆ.

ಅಪ್ಪಯ್ಯನದನ್ನು ತಂದು ಬಿಸಿಲಿಗೆ ಹಿಡಿದೆ. ನೇರ ಹಿಡಿದರೆ ನುಣ್ಣಗೆ. ಓರೆ ಹಿಡಿದರೆ ಹಳದಿಯಲ್ಲೇ ಹಳದಿಯಾಗಿ ದೋಣಿಯ ಹೊಟ್ಟೆ ಕಂಡಿತು. ಪಟ ಕಾಣಲಿಲ್ಲ. ಎಷ್ಟು ತಿರುಗಿಸಿದರೂ ಪಟ ಇಲ್ಲ.

ನಾನು ಇಷ್ಟು ದಿನ ಕಪ್ಪು ದೋಣಿಯನ್ನು ಹುಡುಕುತ್ತಿದ್ದೆ.

೨೪ ನವೆಂಬರ್

ಯಡ್ತರೆಗೆ ಹೋಗಿ ಬಂದೆ. ಹೇಗೆ ಮಾತು ತೆಗೆಯಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಅತ್ತೆ ಬೆಲ್ಲ ನೀರು ಇಟ್ಟ ಕೂಡಲೇ ಮರೆತುಹೋಯಿತು. ವನಜ ಬಂದು ಕಂಬಕ್ಕೆ ಒರಗಿ ನಿಂತಳು. ನಾನು ಬಕ್ಕಲ್ ತೆಗೆದು ಜಗಲಿಯ ಮೇಲೆ ಇಟ್ಟೆ.

ಅವಳ ಮುಖ ಅರಳಿತು. "ಈಗ ಕಂಡ್ರ್ಯಾ? ಹಬ್ಬದ್ ದಿನ ಕೇಂಡ್ರೆ ತಿಂಬುಕೇ ಬಂದ್ರಿ. ಹಂಡಿ ತಿಕ್ಕಿ ಹುಳಿ ಉಳ್ದಿತ್ತ್. ನಿಮ್ ಅಪ್ಪಯ್ಯಂದ್ ಅಷ್ಟ್ ಕಪ್ಪಾಯ್ ಬಿದ್ದಿತ್ತಲೆ, ಹಬ್ಬಕ್ಕಾರೂ ಹೊಳೀಲಿ ಅಂದ್ ಎಲ್ಲ ತಿಕ್ಕಿಟ್ಟೆ."

ಹಿಂಬದಿ ತಿರುಗಿಸಿ ತೋರಿಸಿದೆ.

"ಹೌದ್, ಅಲ್ಲೊಂದ್ ಗೀರ್ ಇತ್ತ್. ಎಷ್ಟ್ ತಿಕ್ಕಿರೂ ಹೋಯ್ಲಿಲ್ಲೆ. ಅರ್ಧ ಹೋಯ್ತ್, ಅಷ್ಟೊತ್ತಿಗೆ ಕೈ ಸೋತ್ ಹೋಯ್ತ್."

ಅದು ಅಪ್ಪಯ್ಯ ಗೀರಿದ ದೋಣಿ ಎಂದು ಹೇಳಿದೆ. ಹೆಬ್ಬೆರಳಿನ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅವಳು ಬಕ್ಕಲ್ ಎತ್ತಿಕೊಂಡು ಅಂಗಳದ ಬೆಳಕಿಗೆ ಹೋಗಿ ಓರೆ ಮಾಡಿ ನೋಡಿದಳು, ತನ್ನ ಹೆಬ್ಬೆರಳು ಇಟ್ಟು ನೋಡಿದಳು.

"ಪಟ ಹೋಯ್ತ್," ಅಂದಳು. "ದೋಣಿ ಇತ್ತಲೆ."

ಭೋಜರಾಜ ಭಾವ ಮಾಡಿನ ಮೇಲಿಂದ ಇಳಿದು ಬಂದರು. ಬೊಂಬಾಯಿಗೆ ಹೋಗುವುದನ್ನು ಹೆರಿಗೆಯ ನಂತರಕ್ಕೆ ಹಾಕಿದ್ದಾರಂತೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಅವರಿಗೆ ಹೇಳಬೇಕೆಂದೇ ಹೋಗಿದ್ದೆ. ಬಾಯಿ ಬರಲಿಲ್ಲ. ಅವರು ಬಕ್ಕಲ್ ನೋಡಿದವರೇ ತಲೆ ಚಚ್ಚಿಕೊಂಡರು. "ತಿಕ್ಕಿದ್ಯಾ ಮಾರಾಯ್ತಿ? ಹೋಯ್ತ್. ಇನ್ನ್ ಇದನ್ನ್ ಚೋರ್ ಬಜಾರಲ್ಲಿ ಆರೂ ಮೂಸುದಿಲ್ಲ."

ನನಗೆ ನಗು ಬಂತು. ನಿಲ್ಲಿಸಲಿಕ್ಕೆ ಆಗಲಿಲ್ಲ. ಅತ್ತೆ ಒಳಗಿಂದ ಬಂದು ಇವನಿಗೆಂತಾಯ್ತು ಎಂಬ ಹಾಗೆ ನೋಡಿ, ಊಟ ಮಾಡಿಕೊಂಡು ಹೋಗಬೇಕು ಅಂದರು. ಚಕ್ಕುಲಿಯ ಡಬ್ಬಿ ಏನಾಯ್ತು ಎಂದೂ ಕೇಳಿದರು. ಮನೆಗೆ ಬಂದು ತೆಗೆದೆ. ಮೆತ್ತಗಾಗಿದೆ, ಆದರೂ ತಿಂದೆ.

ಬಕ್ಕಲ್ ಅಲ್ಲೇ ಉಳಿಯಿತು. ಅವಳ ಕೈಯಲ್ಲಿತ್ತು, ಕೇಳಲು ಮರೆತೆ.

೧೬ ಜನವರಿ ೧೯೬೯

ಯಡ್ತರೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಸುದ್ದಿ ಬಂತು, ಹೆಣ್ಣು. ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ, ಮೆತ್ತಗಿನ ಹಳೆ ಸೀರೆ ಇದ್ದರೆ ತರಬೇಕು ಎಂದು ಅತ್ತೆ ಹೇಳಿ ಕಳಿಸಿದ್ದರು. ಮನೆಯಲ್ಲಿ ಮೆತ್ತಗಿನದು ಅಬ್ಬೆಯದೊಂದೇ. ಬಕ್ಕಲ್‌ಗಳನ್ನು ಮೊರದಲ್ಲಿ ಸುರಿದು ಸೀರೆ ಕೊಡವಿ ಮಡಚಿ ತಂದೆ. ಬಸ್ಸು ಹೊರಡುತ್ತಿತ್ತು. ಮೊರ ಎಲ್ಲಿಟ್ಟೆ ಎಂದು ಈಗ ನೆನಪಾಗುವುದಿಲ್ಲ. ನಮ್ಮ ಮನೆಯ ಜಗಲಿಯಲ್ಲೇ ಇರಬೇಕು.

ಸೂತಕ ಕಳೆಯುವವರೆಗೆ ನಾನು ಬಾಣಂತಿ ಕೋಣೆಗೆ ಹೋಗುವ ಹಾಗಿಲ್ಲ. ಬಾಗಿಲಾಚೆ ನಿಂತು ಹೇಗಿದ್ದೀ ಎಂದು ಕೇಳಿದೆ. ಹೂಂ ಎಂದಳು. ಮಗು ಅತ್ತಿತು, ಸಣ್ಣ ಸದ್ದು, ದೋಣಿಯ ಹುಟ್ಟು ತಿರುಗಿದ ಹಾಗೆ. ಆಮೇಲೆ ವನಜ ಒಳಗಿಂದ, "ಅಪ್ಪಯ್ಯಂದ್ ತೊಟ್ಲಿನ್ ಹಗ್ಗಕ್ ಕಟ್ಟಿದ್ದೆ. ಕಣ್ಣ್ ಬಿಟ್ರೆ ಅದನ್ನೇ ಕಾಣತ್ತ್," ಅಂದಳು.

ಕಾಣಲಿ.

ಸಮುದ್ರದ ಕಡೆಯಿಂದ ಗಾಳಿ ಎದ್ದಿದೆ. ಕೋಣೆಗೆ ಹಿತ್ತಲಿನ ಕಡೆ ಒಂದು ಕಿಟಕಿ ಇದೆ, ಅದರ ಕೊಕ್ಕೆ ಸಡಿಲ, ಹಿಂದೆ ನಾನೇ ನೋಡಿದ್ದೇನೆ. ಗಾಳಿಗೆ ಬಿಚ್ಚಿಕೊಂಡರೆ ತಲೆಗೆ ಥಂಡಿ ಹತ್ತುತ್ತದೆ. ಬೆಕ್ಕು ಬೇರೆ ಇದೆ. ಅತ್ತೆ ಹಾಕಿದೆ ಅಂದರು, ವನಜ ಹಾಕಿದೆ ಅಂದಳು. ಹಾಕಿದ್ದು ಬೇರೆ, ಬಿದ್ದದ್ದು ಬೇರೆ. ಭೋಜರಾಜ ಭಾವ ಹೊರಗಿನಿಂದ ಸುತ್ತು ಹಾಕಿ ನೋಡಿ ಬಂದು, ಬಿದ್ದಿದೆ ಭಾವ, ನೀವು ಮಲಗಿ ಎಂದು ನನ್ನ ಪಕ್ಕ ಚಾಪೆ ಹಾಸಿದರು. ಹೂಂ ಅಂದೆ. ಮಲಗಿದೆ. ಆಮೇಲೆ ಎದ್ದು ಕೂತು ಅವರ ಭುಜ ಅಲುಗಿಸಿದೆ.

"ಭಾವ, ಬೇಜಾರ್ ಮಾಡ್ಕಣ್ಬೇಡಿ. ಆ ಕೊಕ್ಕಿ ಪೂರ್ತಿ ಬಿದ್ದಿತ್ತಾ, ಇನ್ನೊಂದ್ ಸಲ ಕಂಡ್ ಬನ್ನಿ."